ಕಾಡು ನೋಡಲು ಸೈಕಲ್ ಏರಿದ ಡ್ರಾಯಿಂಗ್ ಮಾಸ್ತರು

ಸೈಕಲ್ ಮೇಲೆ ಊರೂರು ತಿರುಗುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಎಲ್ಲಿ ಚೈನು ಬೀಳುತ್ತದೋ ಅಲ್ಲೇ ಒಂದು ನಿಂತಿರುತ್ತದೆ. ಅರವತ್ತರ ದಶಕದ ಸುರುವಿನಲ್ಲಿ ನಾನು ತಿಕೋಟಾದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ವಿಜಾಪುರದಲ್ಲಿ. ವಾರಕ್ಕೆರಡು ಸಲ ಸೈಕಲ್ ಮೇಲೆ ಹೋಗಿ ಬರುವುದು ರೂಢಿ. ದಾರಿಯಲ್ಲಿ ಒಂದು ಬಸ್ಸು ಎದುರಾದರೆ ಅದೇ ಆ ದಿನದ ಸುದ್ದಿ. ಹಾಗೆ ತಿರುಗಿದ ವರ್ಷಗಳಲ್ಲಿ ನಗು ಬಂದದ್ದು ಬಹಳ, ಬಾಯಿ ತೆರೆದು ನಿಂತದ್ದೂ ಬಹಳ. ಆದರೆ ಎರಡೂ ಒಟ್ಟಿಗೆ ಆದದ್ದು ನಮ್ಮ ಡ್ರಾಯಿಂಗ್ ಮಾಸ್ತರ ಜೊತೆ ಹೋದಾಗ ಮಾತ್ರ.

೧. ಬೋಳು ಗುಡ್ಡ

ಡ್ರಾಯಿಂಗ್ ಮಾಸ್ತರು ಬಬಲೇಶ್ವರದವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾಲ್ಕು ವರ್ಷದಿಂದ ಹಂಗಾಮಿ ನೌಕರಿ ಮಾಡುತ್ತಿದ್ದರು. ಕಾಯಂ ಆಗಬೇಕಾದರೆ ತಪಾಸಣೆಗೆ ಬರುವ ಇನ್ಸ್‌ಪೆಕ್ಟರ್ ಸಾಹೇಬರು ಒಂದು ಒಳ್ಳೆಯ ಮಾತು ಬರೆಯಬೇಕು. ಈ ಸಾಹೇಬರು ಶಿರಸಿ ಕಡೆಯವರು. ಬಂದವರೇ ಮಕ್ಕಳಿಗೆ ಗುಡ್ಡದ ಚಿತ್ರ ಬರೆಯಲು ಹೇಳಿದರು. ಮಕ್ಕಳು ಜೋಳದ ರಾಶಿ ಹಾಕಿದ ಹಾಗೆ ನಾಲ್ಕು ಬೋಳು ಗುಡ್ಡ ಬರೆದು, ಮೇಲೊಬ್ಬ ಸೂರ್ಯನನ್ನು ಕೂರಿಸಿದರು.

“ಗುಡ್ಡದ ಮೇಲೆ ಕಾಡು ಎಲ್ಲಿ?” ಎಂದರು ಸಾಹೇಬರು.

“ನಮ್ಮ ಕಡೆ ಗುಡ್ಡದ ಬುಡಕ್ಕೂ ಕಾಡಿಲ್ರಿ ಸಾಹೇಬ್ರ,” ಎಂದರು ಡ್ರಾಯಿಂಗ್ ಮಾಸ್ತರು.

ಸಾಹೇಬರಿಗೆ ಅದು ಉದ್ಧಟತನದ ಹಾಗೆ ಕೇಳಿಸಿತು. “ದಸರಾ ರಜೆ ಮುಗಿದ ಮೇಲೆ ಮತ್ತೆ ಬರುತ್ತೇನೆ. ಮಕ್ಕಳು ಕಾಡಿನ ಗುಡ್ಡ ಬರೆದು ತೋರಿಸಲಿ. ನಿಮ್ಮ ಕಾಯಮಿನ ಮಾತು ಆವಾಗ,” ಎಂದು ಎದ್ದು ಹೋದರು.

ನಾನು ಸಮಾಧಾನ ಹೇಳಿದೆ. “ಅದ್ರಾಗೇನೈತ್ರಿ, ಹಲಗಿ ಮ್ಯಾಲ ಒಂದ ಕಾಡ ಬರದ ತೋರಸ್ರಿ, ಹುಡುಗರು ಕಲೀತಾವು.”

ಅವರು ಅತ್ತಿತ್ತ ನೋಡಿ ಮೆತ್ತಗೆ, “ಯಾರಿಗೂ ಹೇಳಬ್ಯಾಡ್ರಿ ಮಾಸ್ತರ. ಕಾಡು ನಾನೂ ನೋಡಿಲ್ಲ,” ಎಂದರು.

“ಮತ್ತ ಡ್ರಾಯಿಂಗ್ ಪರೀಕ್ಷಾದಾಗ ಏನ ಬರದ ಪಾಸಾದ್ರಿ?”

“ಹೂಜಿ.”

೨. ಇಳಿಯುವ ಕಲ್ಲು

ರಜೆಯಲ್ಲಿ ಸೈಕಲ್ ಮೇಲೆ ಕಾಡಿರುವ ಕಡೆಗೆ ಹೋಗಿ ನೋಡಿಯೇ ಬರುವುದೆಂದು ಇಬ್ಬರೂ ನಿಶ್ಚಯ ಮಾಡಿದೆವು. ಮೊದಲೊಂದು ತಾಲೀಮು ಆಗಲೆಂದು ಒಂದು ರವಿವಾರ ವಿಜಾಪುರದಿಂದ ಭೂತನಾಳ ಕೆರೆಗೆ ಹೋದೆವು. ಮಳೆಗಾಲದ ಕೊನೆ. ಕೆರೆ ತುಂಬಿ, ಗಾಳಿಗೆ ಸಣ್ಣಗೆ ಅಲುಗುತ್ತಿತ್ತು. ನಾನು ಇಳಿದು ನೋಡುತ್ತ ನಿಂತೆ. ಡ್ರಾಯಿಂಗ್ ಮಾಸ್ತರು ಇಳಿಯಲಿಲ್ಲ. ಬಯಲಿನಲ್ಲಿ ಒಂದು ಸುತ್ತು ಹೊಡೆದರು, ಎರಡು ಹೊಡೆದರು, ಮೂರನೆಯದೂ ಹೊಡೆದರು. ಇವರಿಗೆ ಇಷ್ಟು ಹುರುಪೇ ಎಂದು ನಾನು ಬೆರಗಾದೆ.

ಅಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಮುದುಕಿಗೆ ತಡೆಯಲಾಗಲಿಲ್ಲ. “ಯಪ್ಪಾ, ಆವಾಗಿಂದ ತಿರಗಾಕತ್ತೀಯಲ್ಲ, ಏನರೆ ಕಳಕೊಂಡಿಯೇನು?”

ನಾಲ್ಕನೆಯ ಸುತ್ತಿನಲ್ಲಿದ್ದ ಮಾಸ್ತರು ಏದುಸಿರು ಬಿಡುತ್ತ ಕೂಗಿದರು. “ಇಳಿಯಾಕ ಒಂದ ಕಲ್ಲ ಹುಡಕಾಕತ್ತೇನಬೇ!”

ಅವರು ಸೈಕಲ್ ಕಲಿತದ್ದು ಹಾಗೆಯೇ ಅಂತೆ, ಕಲ್ಲಿನಿಂದ ಹತ್ತಿ ಕಲ್ಲಿನ ಮೇಲೆ ಇಳಿಯುವುದು. ಮೈಲುಗಲ್ಲು ಇರುವ ರಸ್ತೆಯಲ್ಲಿ ಅವರಿಗೆ ಏನೂ ತೊಂದರೆ ಇರಲಿಲ್ಲ. ಕೊನೆಗೆ ಮುದುಕಿ ಎಮ್ಮೆಯನ್ನು ಅಡ್ಡ ನಿಲ್ಲಿಸಿದಳು. ಮಾಸ್ತರು ಅದರ ಬೆನ್ನು ಹಿಡಿದು ಇಳಿದರು.

೩. ಡೋಣಿ ದಂಡೆಯ ಮೇಲೆ

ದಸರಾ ರಜೆಯ ಮೊದಲ ದಿನವೇ ವಿಜಾಪುರದಿಂದ ಬಬಲೇಶ್ವರದ ದಾರಿ ಹಿಡಿದೆವು. ಹಿಂದಿನ ದಿನ ಮಳೆಯಾಗಿತ್ತು. ಡೋಣಿ ಹೊಳೆಯ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನಲ್ಲಿ ತುಂಬಿಕೊಂಡು, ಗಾಲಿ ತಿರುಗುವುದನ್ನೇ ಬಿಟ್ಟವು. ಇಬ್ಬರೂ ಸೈಕಲ್ ಹೆಗಲ ಮೇಲೆ ಹೊತ್ತು ನಡೆದೆವು. ಬಿತ್ತಲು ಹದ ನೋಡುತ್ತಿದ್ದ ರೈತನೊಬ್ಬ ಎದುರಾದ.

“ಎಲ್ಲಿಗ್ರಿ?”

“ಕಾಡ ನೋಡಾಕ,” ಎಂದೆ.

“ಅಲ್ಲೇನ ಕೆಲಸ ಐತ್ರಿ?”

“ಕೆಲಸ ಏನಿಲ್ಲ, ಸುಮ್ನ ನೋಡೂದು.”

“ನೋಡಿ?”

“ನೋಡಿ ಮತ್ತ ಬರೂದು.”

ಅವನು ನಮ್ಮನ್ನು ಮೇಲಿನಿಂದ ಕೆಳಗೆ ನೋಡಿದ. ಹೆಗಲ ಮೇಲಿನ ಸೈಕಲ್ ನೋಡಿದ. ಆಮೇಲೆ ಹೊಲದ ಕಡೆ ತಿರುಗಿ ಹೆಂಡತಿಯನ್ನು ಕೂಗಿದ. “ಏ, ಹುಡುಗರನ್ನೆಲ್ಲಾ ಕರಕೊಂಡ ಲಗೂನ ಬಾ! ಕಾಡ ಅವರ ನೋಡಲಿ, ನಾವ ಇವರನ್ನ ನೋಡೂನು!”

೪. ಹುಲಿಗೊಂದು ರೊಟ್ಟಿ

ಬಬಲೇಶ್ವರದಲ್ಲಿ ಡ್ರಾಯಿಂಗ್ ಮಾಸ್ತರ ತಾಯಿ ನಲವತ್ತು ಒಣಗಿಸಿದ ಗಟ್ಟಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಆಮೇಲೆ ಬೇರೆಯಾಗಿ ನಾಲ್ಕು ಮೆತ್ತನೆಯ ರೊಟ್ಟಿ ತಂದು ಚೀಲದ ಮೇಲೆಯೇ ಇಟ್ಟರು.

“ಇವು ಯಾರಿಗೆ ಬೇ?” ಎಂದರು ಮಗ.

“ಕಾಡಿನ್ಯಾಗ ಹುಲಿ ಇರ್ತಾವಂತ. ಬಂದ್ರ ಒಂದ ರೊಟ್ಟಿ ಒಗಿ. ಅದು ತಿನ್ಕೋತ ನಿಂದರತೈತಿ, ನೀವ ಸೈಕಲ್ ಹತ್ತಿ ಹೋಗ್ರಿ.”

“ಕಟಕ ರೊಟ್ಟೀನ ಒಗದ್ರ ನಡೆಯಾಂಗಿಲ್ಲೇನು?”

ತಾಯಿ ಮಗನನ್ನು ಗದರಿಸಿದರು. “ಅದಕ್ಕ ವಯಸ್ಸಾಗಿದ್ರ? ಹಲ್ಲ ಬ್ಯಾಡೇನು?”

೫. ಗುಡ್ಡ ಎಲ್ಲಿ

ಕೃಷ್ಣೆಯನ್ನು ನಾವೆಯಲ್ಲಿ ದಾಟಿದೆವು. ಸೈಕಲ್ಲುಗಳೂ ನಮ್ಮ ಜೊತೆ ಕುರಿಗಳ ನಡುವೆ ನಿಂತು ದಾಟಿದವು. ಮುಂದೆ ಘಟಪ್ರಭೆಯ ಬಯಲು, ಎರಡೂ ಕಡೆ ಕಬ್ಬು, ನಡುವೆ ನಾವಿಬ್ಬರೇ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಒಂದು ಮೋಟಾರಿನ ಸದ್ದಿಲ್ಲ. ನಮ್ಮ ಚೈನಿನ ಸದ್ದೇ ನಮಗೆ ದೊಡ್ಡದೆನಿಸುತ್ತಿತ್ತು. ಹೊಳೆಯಲ್ಲಿ ಇಷ್ಟು ನೀರು ಹೀಗೆ ಸುಮ್ಮನೆ ಹರಿದು ಹೋಗುತ್ತದಲ್ಲ ಎಂದು ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಬೆಳಗಾವಿ ದಾಟಿ, ಐದನೆಯ ದಿನ ಖಾನಾಪುರದ ಆಚೆ ರಸ್ತೆ ಏರತೊಡಗಿತು. ಒಂದು ತಿರುವಿನಲ್ಲಿ ಬಿಸಿಲು ಒಮ್ಮೆಲೇ ಹೋಯಿತು. ಮೋಡವೇನೋ ಎಂದು ತಲೆಯೆತ್ತಿದೆ. ಮೇಲೆ ಮೋಡವಿರಲಿಲ್ಲ, ಎಲೆ ಇತ್ತು. ಎಡಕ್ಕೆ ಎಲೆ, ಬಲಕ್ಕೆ ಎಲೆ, ಅದರ ಹಿಂದೆ ಮತ್ತೂ ಎಲೆ. ಗಣಿತದ ಮಾಸ್ತರನಾದ ನಾನು ಅಭ್ಯಾಸಬಲದಿಂದ ಎಣಿಸಲು ಹೋಗಿ ಹದಿನೇಳಕ್ಕೇ ಕೈಬಿಟ್ಟೆ. ಪಕ್ಕಕ್ಕೆ ನೋಡಿದರೆ ಡ್ರಾಯಿಂಗ್ ಮಾಸ್ತರು ಕಲ್ಲಿಲ್ಲದೆಯೇ ಇಳಿದು ನಿಂತಿದ್ದರು. ಹೇಗೆ ಇಳಿದರೋ ಅವರಿಗೂ ಗೊತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಟೋಪಿ ತೆಗೆದು, ಒಂದು ಮರಕ್ಕೆ ಕೈ ಹಚ್ಚಿ ಬಹಳ ಹೊತ್ತು ನಿಂತರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಆದರೆ ನಾನು ದಾರಿಯ ಧೂಳೆಂದು ಹೇಳಿದೆ.

ಆಮೇಲೆ ಅವರು ಹಾಳೆ, ಪೆನ್ಸಿಲ್ ತೆಗೆದು ಕೂತರು. ಒಂದು ತಾಸಾದರೂ ಹಾಳೆ ಬಿಳಿಯಾಗಿಯೇ ಇತ್ತು.

“ಎಲ್ಲಿಂದ ಸುರು ಮಾಡಲ್ರಿ ಮಾಸ್ತರ? ನಮ್ಮ ಕಡೆ ಅರ್ಧ ಹಾಳಿ ಮುಗಲಿಗೇ ಹೋಗ್ತಿತ್ತು. ಇಲ್ಲಿ ಮುಗಲಽ ಇಲ್ಲಲ್ರಿ.”

ಅಷ್ಟರಲ್ಲಿ ಕಾಡಿನ ಗಾರ್ಡೊಬ್ಬ ಬಂದು ಏನು ನಡೆದಿದೆ ಎಂದು ಕೇಳಿದ. ಮಾಸ್ತರು ಎದ್ದು ನಿಂತು ಕೈ ಮುಗಿದರು. “ಕಾಡಿನ ಗುಡ್ಡ ಬರೀಬೇಕಾಗಿತ್ರಿ. ಕಾಡ ಸಿಕ್ಕೈತಿ, ಗುಡ್ಡ ಕಾಣವಲ್ದು. ಇನ್ನೂ ಎಷ್ಟ ದೂರ ಐತ್ರಿ?”

ಗಾರ್ಡು ಅವರ ಕಾಲ ಬುಡ ತೋರಿಸಿದ. “ನೀವು ಆವಾಗಿಂದ ಕೂತದ್ದು ಅದರ ಮೇಲೇ ರೀ.”

೬. ಗಿಡದ ಒಡೆಯರು

ಹೊಳ್ಳಿ ಬಂದ ಮೇಲೂ ಡ್ರಾಯಿಂಗ್ ಮಾಸ್ತರಿಗೆ ಕಾಡು ಬರೆಯಲು ಬರಲಿಲ್ಲ. ಹಲಗೆಯ ಮೂಲೆ ಮೂಲೆಗೂ ಹಸಿರು ಸೀಮೆಸುಣ್ಣ ತಿಕ್ಕಿ, “ಹಿಂಗ ಇರತೈತಿ, ಆದ್ರ ಇದಕಿಂತ ಭಾಳ,” ಎನ್ನುತ್ತಿದ್ದರು. ಕೈ ಮೇಲೆತ್ತಿ, ತುದಿಗಾಲ ಮೇಲೆ ನಿಂತು, ಒಂದು ವಾರ ಬರೀ ಬಾಯಿಂದ ಕಾಡನ್ನು ಹೇಳಿದರು. ಮಕ್ಕಳು ಬಾಯಿ ತೆರೆದು ಕೇಳಿದವು. ಎಂಟನೆಯ ದಿನ ಸಾಹೇಬರು ಬಂದರು.

ಹಾಳೆ ಹಂಚಿದ್ದಾಯಿತು. ಮಾಸ್ತರು ಬಾಗಿಲಲ್ಲಿ ಬೆವರುತ್ತ ನಿಂತರು. ಮಕ್ಕಳು ಬರೆದೇ ಬರೆದವು. ಹಾಳೆಯ ಒಂದು ಬೆರಳಿನಷ್ಟು ಜಾಗವೂ ಖಾಲಿ ಉಳಿಯದ ಹಾಗೆ ಗಿಡವೋ ಗಿಡ. ಸಾಹೇಬರ ಮುಖ ಅರಳಿತು. ಆದರೆ ಘೋಣಸಗಿಯಿಂದ ಬರುವ ಒಬ್ಬ ಹುಡುಗಿಯ ಹಾಳೆ ನೋಡಿ ಅವರು ಹುಬ್ಬು ಗಂಟಿಕ್ಕಿದರು. ಹೆಚ್ಚುಕಡಿಮೆ ಪ್ರತಿ ಗಿಡದ ಬುಡಕ್ಕೂ ಒಂದೊಂದು ಹೆಸರು ಬರೆದಿತ್ತು.

ನಮ್ಮ ಕಡೆ ಗಿಡವೆಂದರೆ ಅದಕ್ಕೊಬ್ಬ ಒಡೆಯ ಇರಲೇಬೇಕು. ಗೌಡರ ಬೇವು, ಕುಂಬಾರರ ಹುಣಸೆ, ಮಠದ ಬನ್ನಿ ಎಂದೇ ಹೇಳುವುದು. ಹಲ್ಲುಜ್ಜಲು ಬೇವಿನ ಕಡ್ಡಿ ಮುರಿಯಬೇಕಾದರೂ ಒಡೆಯನನ್ನು ಕೇಳಿ ಮುರಿಯುವ ವಾಡಿಕೆ. ಸಾಹೇಬರಿಗೆ ಅದೇನು ಗೊತ್ತು?

“ಇಲ್ಲಿ ಕಾಶವ್ವ ಅಂತ ಬರೆದಿದ್ದೀ. ಏನಿದು?”

“ಆ ಗಿಡ ಆಕೀದ್ರಿ. ನಮ್ಮ ಆಯಿ, ಅಪ್ಪನ ಅವ್ವ.”

“ಕಾಡಿನ ಮರಕ್ಕೆ ಒಡೆಯರು ಇರುವುದಿಲ್ಲ ಮಗು.”

“ಇರಲಿಲ್ಲಂದ್ರ ಇಷ್ಟ ದಿನಾ ಯಾರೂ ಕಡದ ಒಯ್ಯದಽ ಬಿಡ್ತಿದ್ರೇನ್ರಿ?”

ಕಾಡಿನಲ್ಲೇ ಹುಟ್ಟಿ ಬೆಳೆದ ಸಾಹೇಬರು ಹಾಳೆಯನ್ನು ಕೈಗೆತ್ತಿಕೊಂಡು ಒಂದೊಂದೇ ಹೆಸರು ಓದತೊಡಗಿದರು. ಕೊನೆಗೆ ಹಾಳೆಯ ಮೂಲೆಗೆ ಬೆರಳಿಟ್ಟು, “ಈ ಸಣ್ಣ ಗಿಡಕ್ಕೆ ಮಾತ್ರ ಹೆಸರಿಲ್ಲವಲ್ಲ?” ಎಂದರು.

“ಅದನ್ನ ನಿಮಗ ಇಟ್ಟೇನ್ರಿ ಸಾಹೇಬ್ರ. ನಮ್ಮ ಮಾಸ್ತರನ್ನ ಕಾಯಂ ಮಾಡಿದ್ರ ನಿಮ್ಮ ಹೆಸರ ಬರೀತೇನಿ.”

ಡ್ರಾಯಿಂಗ್ ಮಾಸ್ತರು ಕಣ್ಣು ಮುಚ್ಚಿದರು. ಹೆಡ್‌ಮಾಸ್ತರು ಕೆಮ್ಮತೊಡಗಿದರು. ಸಾಹೇಬರು ಮಾತ್ರ ಚಾಳೀಸು ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು, ಖುರ್ಚಿಯ ಮೇಲೆ ಕೂತು, ತಪಾಸಣೆಯ ಪುಸ್ತಕದಲ್ಲಿ ಮೂರು ಸಾಲು ಬರೆದು, ಗಟ್ಟಿಯಾಗಿ ಓದಿದರು. ಮಾಸ್ತರನ್ನು ಕಾಯಂ ಮಾಡಬಹುದು ಎಂದಿತ್ತು.

ಸಾಹೇಬರು ಮತ್ತೆ ಹುಡುಗಿಯ ಹತ್ತಿರ ಬಂದು ಪೆನ್ನು ಅವಳ ಕೈಗೆ ಕೊಟ್ಟರು. “ನನ್ನ ಕೆಲಸ ಆಯಿತು, ಈಗ ನನ್ನ ಹೆಸರು ಬರಿ. ಆದರೆ ಉಳಿದವರ ಗಿಡವೆಲ್ಲ ಹಾಳೆಯ ತುದಿ ಮುಟ್ಟಿವೆ, ನನ್ನದು ಮಾತ್ರ ಬೆರಳುದ್ದ ಯಾಕೆ?”

ಹುಡುಗಿ ಅವರನ್ನು ಸಮಾಧಾನ ಮಾಡಿದಳು. “ಇರಲಿ ಬಿಡ್ರಿ ಸಾಹೇಬ್ರ. ಮಾಸ್ತರ ಕಾಯಮಿನ ಆರ್ಡರ ಬರೂದ್ರಾಗ ಬೆಳೀತೈತಿ.”