ಉಂಡಿಗೆ ಬಂದ ನೆಗಡಿ

ಗೋಳಗುಮ್ಮಟದೊಳಗೆ ಒಬ್ಬರು ಸೀನಿದರೆ ಏಳು ಸಲ ಕೇಳಿಸುತ್ತದೆ. ಅಂಗನವಾಡಿಯಲ್ಲಿ ಒಂದು ಮಗು ಸೀನಿದರೆ ಹದಿನೈದು ಮನೆಗಳಲ್ಲಿ ಕೇಳಿಸುತ್ತದೆ. ತಿಕೋಟಾದ ಅಂಗನವಾಡಿ ಟೀಚರ್ ಸುರೈಯಾಳಿಗೆ ಇಪ್ಪತ್ತು ವರ್ಷದ ಕೆಲಸದಲ್ಲಿ ಇದು ಚೆನ್ನಾಗಿ ಗೊತ್ತಾಗಿತ್ತು. ಹಾಗಾಗಿ ಆ ಚಳಿಯ ಬೆಳಿಗ್ಗೆ ಮುತ್ತು ಹೊಸ್ತಿಲಲ್ಲೇ ನಿಂತು ದೊಡ್ಡದಾಗಿ ಸೀನಿದಾಗ ಅವಳು ಎರಡೂ ಕೈ ಅಡ್ಡ ಚಾಚಿ ಬಾಗಿಲಿಗೆ ಓಡಿದಳು.

ಮರುದಿನ ಕನಮಡಿಯಲ್ಲಿ ಅವಳ ತಮ್ಮನ ಮಗಳ ನಿಶ್ಚಯ. ಹುಡುಗಿಗೆ ಸೋದರತ್ತೆಯೇ ಹೂವು ಮುಡಿಸಬೇಕೆಂದು ತಮ್ಮ ನಾಲ್ಕು ಸಲ ಫೋನ್ ಮಾಡಿದ್ದ. ಮೇಲ್ವಿಚಾರಕಿ ಸೌಭಾಗ್ಯ ಮೇಡಂ ರಜೆಗೆ ಒಪ್ಪಿದ್ದರು, ಆದರೆ ಒಂದು ಷರತ್ತು ಹಾಕಿದ್ದರು. "ಹ್ವಾದ ವರ್ಷದಂಗ ಮಕ್ಕಳಿಗೆಲ್ಲ ನೆಗಡಿ ಹಬ್ಬಿದ್ರ ರಜಾ ಇಲ್ರಿ ಟೀಚರ್. ಮಧ್ಯಾಹ್ನ ನಾನ ಬಂದು ನೋಡಿ ಸಹಿ ಮಾಡ್ತೀನಿ." ಆ ಮಧ್ಯಾಹ್ನ ಇವತ್ತಿನದೇ.

ಸುರೈಯಾ ತನ್ನ ಕಡೆಯಿಂದ ಏನೂ ಕಡಿಮೆ ಮಾಡಿರಲಿಲ್ಲ. ಹಳೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿ ಹದಿನೈದು ಕರವಸ್ತ್ರ ಹೊಲಿದು, ಯಾರದು ಯಾವುದೆಂದು ತಿಳಿಯಲು ಮೂಲೆಗೆ ಬಣ್ಣದ ದಾರದ ಗುರುತು ಹಾಕಿದ್ದಳು. ಬಾಗಿಲಲ್ಲಿ ಸಾಬೂನು, ನೀರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ: ನೆಗಡಿ ಬಂದವರು ಮನೆಯಲ್ಲಿರಬೇಕು.

ಓದಲು ಬಾರದ ಮುತ್ತು ಅದರ ಕೆಳಗೇ ನಿಂತು ಇನ್ನೊಮ್ಮೆ ಸೀನಿದ.

"ಇವತ್ತ ಮನಿಗೆ ಹೋಗಪ್ಪಾ ಮುತ್ತು."

"ಮನ್ಯಾಗ ಯಾರೂ ಇಲ್ರಿ ಅಕ್ಕೋರ. ಅವ್ವ ದ್ರಾಕ್ಷಿ ತ್ವಾಟಕ್ಕ ಹೋಗ್ಯಾಳ."

ಪಕ್ಕದ ಮನೆಯ ನೀಲಾಬಾಯಿ ತನ್ನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಿದ್ದಳು.

"ಇತ್ಲಾಗ ಕಳಸ ಬೇ. ಅವರವ್ವ ಬರೂತನಕ ನಾ ನೋಡ್ಕೋತೀನಿ. ಬಿಸಿನೀರು ಬ್ಯಾರೆ ಲೋಟದಾಗ ಕೊಡ್ತೀನಿ, ಚಿಂತಿ ಮಾಡಬ್ಯಾಡ."

ಸುರೈಯಾಳ ಕಣ್ಣು ತುಂಬಿತು. ಮುತ್ತುವನ್ನೂ, ಅವನ ಹಿಂದೆ ಸೀನುತ್ತಲೇ ಬಂದ ಅರ್ಬಾಜನನ್ನೂ ಅವರವರ ಕರವಸ್ತ್ರದ ಜೊತೆ ಆಚೆ ದಾಟಿಸಿದಳು. ಒಳಗೆ ಉಳಿದವರು ಹದಿಮೂರು ಮಕ್ಕಳು, ಹದಿಮೂರೂ ಒಣ ಮೂಗು. ಕನಮಡಿಯ ಬಸ್ಸು ಅವಳ ಕಣ್ಣ ಮುಂದೆ ಬಂದು ನಿಂತಿತು.

ಆದರೆ ಮಕ್ಕಳನ್ನು ಬರಿಗೈಯಲ್ಲಿ ಕೂರಿಸಿ ನೀಲಾಬಾಯಿಗೆ ಗೊತ್ತಿರಲಿಲ್ಲ. ಒಳಗಿಂದ ಶೇಂಗಾ ಉಂಡಿಯ ಡಬ್ಬಿ ತಂದಳು. ಅಂಗನವಾಡಿಯಲ್ಲಿ ಹತ್ತು ಸಲ ಕರೆದರೂ ಕೇಳಿಸದ ಮಕ್ಕಳಿಗೆ ಆ ಮುಚ್ಚಳದ ಸಪ್ಪಳ ಒಂದೇ ಸಲಕ್ಕೆ ಕೇಳಿಸಿತು.

ಮೊದಲು ಸೀನಿದವಳು ನಾಲ್ಕು ವರ್ಷದ ಹೀನಾ. ಸೈಕಲ್ ಗಾಲಿಯಿಂದ ಗಾಳಿ ಬಿಟ್ಟ ಹಾಗಿತ್ತು ಆ ಸೀನು.

"ಅಕ್ಕೋರ, ನನಗ ನೆಗಡಿ ಬಂತ್ರಿ."

"ಯಾವಾಗ ಬಂತವಾ?"

"ಈಗ್ರಿ. ನೀಲಾ ಆಯಿ ಕಟ್ಟಿಗೆ ಹೋಗ್ತೀನ್ರಿ."

"ಖರೇ ಸೀನು ಬಂದ್ರ ಕಣ್ಣು ತಾವ ಮುಚ್ಚತಾವ. ನಿನ್ನ ಕಣ್ಣು ಉಂಡಿ ಡಬ್ಬಿ ಮ್ಯಾಲ ಇದ್ದುವು. ಕೂಡು."

ಹೀನಾ ಈ ಮಾತನ್ನು ಗಮನವಿಟ್ಟು ಕೇಳಿದಳು. ಆಮೇಲೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಮತ್ತೆ ಸೀನಿದಳು. ಅ ಆ ಇ ಈ ಕಲಿಯಲು ಮೂರು ತಿಂಗಳು ತೆಗೆದುಕೊಂಡ ಮಕ್ಕಳೆಲ್ಲ ಈ ಪಾಠವನ್ನು ಮೂರು ನಿಮಿಷದಲ್ಲಿ ಕಲಿತರು. ಸುರೈಯಾ ಒಬ್ಬಳನ್ನು ಹಿಡಿದು ತರುವಷ್ಟರಲ್ಲಿ ಇಬ್ಬರು ಕಟ್ಟೆ ಏರುತ್ತಿದ್ದರು.

"ಆಯಿ, ಉಂಡಿ ಕೊಡಬ್ಯಾಡ್ರಿ. ಇವ್ರದು ಸುಳ್ಳ ನೆಗಡಿ."

"ನೆಗಡಿ ಸುಳ್ಳಿದ್ರೂ ಹಸಿವಿ ಖರೇ ಇರತೈತಿ ಬೇ," ಎಂದಳು ನೀಲಾಬಾಯಿ. ಆದರೆ ಮುದುಕಿ ಜಾಣೆ. ಮುತ್ತು ಮತ್ತು ಅರ್ಬಾಜನಿಗೆ ಕೌದಿ ಹೊದಿಸಿ ಕಟ್ಟೆಯ ಆ ತುದಿಗೆ ಕೂರಿಸಿದ್ದಳು. ಉಂಡಿಯ ನೆಗಡಿಯವರೆಲ್ಲ ಈ ತುದಿಗೆ.

ಮಧ್ಯಾಹ್ನ ಸೌಭಾಗ್ಯ ಮೇಡಂ ಸ್ಕೂಟರ್ ನಿಲ್ಲಿಸಿದಾಗ ಅಂಗನವಾಡಿಯ ಒಳಗೆ ಒಂದೇ ಒಂದು ಮಗುವಿತ್ತು. ಅದೂ ನಿದ್ದೆಯಲ್ಲಿತ್ತು.

"ಉಳಿದವ್ರು ಎಲ್ಲ್ಯದಾರ್ರಿ?"

ಸುರೈಯಾ ಮೆಲ್ಲಗೆ ಪಕ್ಕದ ಕಟ್ಟೆ ತೋರಿಸಿದಳು. ಅಲ್ಲಿ ಹದಿನಾಲ್ಕು ಮಕ್ಕಳು. ಮೇಡಂ ಎಂದರೆ ಉಂಡಿ ಕಸಿದುಕೊಳ್ಳಲು ಬಂದವರೆಂದು ತಿಳಿದು ಎಲ್ಲರೂ ಕಣ್ಣು ಮುಚ್ಚಿ ಒಟ್ಟಿಗೆ ಸೀನಿದರು. ಖರೇ ಅಂದರೆ ರೋಗ ಹಬ್ಬಿದ ಹಾಗೆ, ಸುಳ್ಳು ಅಂದರೆ ಮಕ್ಕಳನ್ನು ಹಿಡಿದಿಡಲು ಬಾರದ ಹಾಗೆ. ಎರಡರಲ್ಲೂ ರಜೆ ಹೋಯಿತು.

ಮೇಡಂ ಕಟ್ಟೆಯ ಉದ್ದಕ್ಕೂ ನಡೆದು ನೋಡಿದರು. ಬೇರೆ ಬೇರೆ ಲೋಟ, ಬಣ್ಣದ ಗುರುತಿನ ಕರವಸ್ತ್ರ, ಕೌದಿ. ಫೋನ್ ತೆಗೆದು ಎಂಟು ಫೋಟೋ ಹೊಡೆದರು.

"ಹದಿನಾಲ್ಕು ಮಂದಿಗೆ ಬಂದೈತಿ, ಒಳಗಿನ ಒಬ್ಬಂಗ ಹತ್ತಿಲ್ಲ. ಇಂಥಾ ವ್ಯವಸ್ಥಾ ನಾ ಎಲ್ಲೂ ನೋಡಿಲ್ರಿ ಟೀಚರ್. ನಾಳೆ ಸುತ್ತಮುತ್ತಲಿನ ಟೀಚರ್‌ಗಳನ್ನೆಲ್ಲಾ ಕರಕೊಂಡು ಬರ್ತೀನಿ, ನೋಡಿ ಕಲೀಲಿ. ಮಕ್ಕಳು ಹಿಂಗ ಸೀನಕೋತ ಇರ್ಬೇಕ್ ನೋಡ್ರಿ."

"ಮೇಡಂ, ನನ್ನ ರಜಾ…"

"ನೀವ ಇಲ್ಲಂದ್ರ ತೋರಸಾವ್ರು ಯಾರ್ರಿ?"

ಸುರೈಯಾಳ ಕಣ್ಣು ಗೋಡೆಯ ಮೇಲಿನ ತನ್ನದೇ ಬರಹದ ಮೇಲೆ ಬಿತ್ತು. ಕರವಸ್ತ್ರ ತೆಗೆದು, ಮೂಗಿಗೆ ಹಿಡಿದು, ಜೋರಾಗಿ ಸೀನಿದಳು.

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯ, ನಿಮಗೂ ಹತ್ತೇತೇನ್ರಿ? ಪಾಪ. ಹಂಗಾರ ನೀವು ಬರೂಹಂಗಿಲ್ಲ ಬಿಡ್ರಿ. ನಾಳೆ ಮನ್ಯಾಗ ಇರ್ರಿ."

ಬಸ್ಸು ಮತ್ತೆ ಕಣ್ಣ ಮುಂದೆ ಬಂತು. ಸುರೈಯಾ ಅದರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಅಷ್ಟರಲ್ಲಿ ಹೀನಾ ಕಟ್ಟೆಯಿಂದ ಇಳಿದು ಬಂದು ಮೇಡಂ ಅವರ ಸೀರೆ ಜಗ್ಗಿದಳು.

"ಅಕ್ಕೋರು ಕಣ್ಣ ಮುಚ್ಚಲಿಲ್ರಿ. ನಾ ನೋಡೀನ್ರಿ. ಸುಳ್ಳ ಸೀನು ಅದು."

ಮೇಡಂ ಸುರೈಯಾಳನ್ನು ನೋಡಿದರು. ಸುರೈಯಾ ನೆಲ ನೋಡಿದಳು.

"ನಾಳೆ ಒಂಬತ್ತಕ್ಕ ಬರ್ರಿ ಟೀಚರ್," ಎಂದು ಮೇಡಂ ಸ್ಕೂಟರ್ ಹತ್ತಿದರು.

ಧೂಳು ಅಡಗಿದ ಮೇಲೆ ನೀಲಾಬಾಯಿ ಡಬ್ಬಿಯ ತಳ ಕೆರೆದು ಉಳಿದಿದ್ದ ಒಂದೇ ಉಂಡಿ ತಂದು ಸುರೈಯಾಳ ಕೈಯಲ್ಲಿಟ್ಟಳು.

"ಸುಳ್ಳ ಸೀನಿದವ್ರಿಗೆಲ್ಲಾ ಕೊಟ್ಟೀನಿ ಬೇ. ನಿನಗ್ಯಾಕ ಇಲ್ಲನ್ನಲಿ? ತಿನ್ನು."