ಒಂದು ಹಲ್ಲು, ಎರಡು ಫೋಟೋ

ನಮ್ಮ ಮದುವೆಯ ಫೋಟೋದಲ್ಲಿ ನಾನು ಬಾಯಿ ಬಿಗಿದುಕೊಂಡು ನಿಂತಿದ್ದೇನೆ. ಶಾಲೆಯ ನಲ್ಲಿಗೆ ಬಡಿದು ಮೂಲೆ ಮುರಿದಿದ್ದ ಮುಂದಿನ ಹಲ್ಲು ಕಾಣಬಾರದು ಎನ್ನುವುದಷ್ಟೇ ಕಾರಣ. “ಕತ್ತು ಹಿಡಿದು ಎಳ್ಕೊಂಡು ಬಂದು ನಿಲ್ಲಿಸಿದ ಹಾಗಿದ್ದೀರಿ” ಎಂದು ನನ್ನವಳು ಇಪ್ಪತ್ತೈದು ವರ್ಷದಿಂದ ಹೇಳುತ್ತಲೇ ಇದ್ದಾಳೆ. (ಅಲ್ಲ, ಅಲ್ಲ ಎಂದು ಹೇಳಿ ಹೇಳಿ ನಾನೂ ಸುಸ್ತಾಗಿದ್ದೇನೆ.)

“ಇಪ್ಪತ್ತೈದನೇ ವರ್ಷಕ್ಕೆ ಇನ್ನೊಂದು ಫೋಟೋ ತೆಗೆಸೋಣ. ಪಕ್ಕದಲ್ಲಿ ನಿಂತು ಒಂದೇ ಒಂದು ಸಲ ಮನಸಾರೆ ನಗ್ರೀ. ಇನ್ನೇನೂ ಬೇಡ ನಂಗೆ” ಎಂದಳು. ಇನ್ನೇನೂ ಬೇಡ ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಕರಗಿಹೋದೆ.

ಹಲ್ಲಿನ ಡಾಕ್ಟರಮ್ಮ ಬಾಂಡಿಂಗ್ ಸಾಕು ಎಂದರು. ಹಲ್ಲಿನ ಬಣ್ಣದ ಮೆತ್ತನೆಯ ವಸ್ತುವನ್ನು ಮುರಿದ ಜಾಗಕ್ಕೆ ಮೆತ್ತಿ, ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರಂತೆ. ಬಣ್ಣದ ಮಾದರಿಗಳನ್ನು ಹಲ್ಲಿನ ಪಕ್ಕ ಹಿಡಿದು, ಬಹುಕಾಲ ಕಾಫಿಯಲ್ಲಿ ಮಿಂದ ನನ್ನ ಹಳದಿಗೆ ಒಪ್ಪುವ ಹಳದಿಯನ್ನೇ ಆರಿಸಿದರು. ಜೊತೆಗೆ ಏನೇನೋ ವಿವರಿಸಿದರು. ಸಂಸಾರ ನನಗೆ ದಯಪಾಲಿಸಿದ ಮಹಾವಿದ್ಯೆ ಒಂದೇ: ಎದುರಿನವರು ಉಸಿರಾಡಲು ಮಾತು ನಿಲ್ಲಿಸಿದಾಗಲೆಲ್ಲ ‘ಹ್ಞೂಂ’ ಎನ್ನುವುದು. ಅಲ್ಲೂ ಅದನ್ನೇ ಪ್ರಯೋಗಿಸಿದೆ.

ಮನೆಯಲ್ಲಿ ಅರ್ಧಾಂಗಿ ನನ್ನ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು. “ಹಲ್ಲೇನೋ ಚೆನ್ನಾಗಿ ಕೂತಿದೆ. ಆದ್ರೆ ಎಲ್ಲಾ ಒಟ್ಟಿಗೆ ಹಳದಿ ಕಾಣ್ಸುತ್ತಲ್ರೀ!”

ಔಷಧಿ ಅಂಗಡಿಯಿಂದ ಹಲ್ಲು ಬಿಳುಪು ಮಾಡುವ ಜೆಲ್ ಬಂತು. ದಿನಾ ಬಳಿದುಕೊಂಡು ಮೂಕನಂತೆ ಕೂತೆ. (ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.) ಫೋಟೋದ ಹಿಂದಿನ ದಿನ ಕನ್ನಡಿ ನೋಡಿದರೆ, ಹಲ್ಲೆಲ್ಲ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿವೆ. ರಿಪೇರಿಯಾದ ಮೂಲೆ ಮಾತ್ರ ಹಳದಿಯಾಗಿಯೇ ಉಳಿದಿದೆ. ಕ್ಲಿನಿಕ್ಕಿಗೆ ಓಡಿದೆ.

“ಅವತ್ತೇ ಹೇಳಿದ್ನಲ್ಲ!” ಎಂದರು ಡಾಕ್ಟರಮ್ಮ. “ಬಿಳಿ ಮಾಡಿಸೋದಿದ್ರೆ ಅದು ಮೊದಲು ಆಗ್ಬೇಕು, ಬಾಂಡಿಂಗ್ ಮಾಡಿದ್ದು ಆಮೇಲೆ ಬೆಳ್ಳಗಾಗಲ್ಲ ಅಂತ. ನೀವು ಹ್ಞೂಂ ಅಂದ್ರಿ.”

“ಈಗಲೇ ಬದಲಾಯಿಸಿಬಿಡಿ ಡಾಕ್ಟ್ರೇ.”

“ಹಲ್ಲಿನ ಬಣ್ಣ ಒಂದು ಹದಕ್ಕೆ ನಿಲ್ಲೋಕೆ ಎರಡು ವಾರ ಬೇಕು, ಆಮೇಲೆ ಬನ್ನಿ. ಕಾಫಿ ಕಡಿಮೆ ಮಾಡಿ. ಉಗುರು ಕಚ್ಚಬೇಡಿ, ಮೆತ್ತಿದ್ದು ಕಿತ್ತು ಬರುತ್ತೆ.”

ಬಾಯಿಂದ ಬೆರಳು ತೆಗೆದು ‘ಹ್ಞೂಂ’ ಎಂದೆ.

ಸ್ಟುಡಿಯೋದಲ್ಲಿ ಬಾಯಿ ಬಿಗಿದುಕೊಂಡೇ ನಿಂತೆ. “ಈ ಸಲಾನೂ ಹೀಗೇನಾ?” ಎಂದಳು. ಅವಳ ದನಿ ಸಣ್ಣದಾಗಿತ್ತು. ಪಾಪ ಅನ್ನಿಸಿತು. ಮಾನ ಹೋದರೆ ಹೋಗಲಿ ಎಂದು ಅಷ್ಟೂ ಹಲ್ಲು ಬಿಟ್ಟು ನಕ್ಕೆ. ನೋಡಿದವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಫೋಟೋದವನು ಆಗಲೇ ಕ್ಲಿಕ್ ಮಾಡಿದ. ಅದೇ ಬೇಕು ಎಂದು ಅವಳು ಹಟ ಹಿಡಿದಳು.

ಈಗ ಅದು ಹಾಲಿನ ಗೋಡೆಯ ಮೇಲಿದೆ. ಮೊನ್ನೆ ಬಂದ ಅವಳ ತಂಗಿ ನೋಡಿ ಬೆಚ್ಚಿದಳು.

“ಏನ್ ಭಾವ ಇದು? ಅಕ್ಕ ಅಷ್ಟು ಅಳ್ತಿದ್ದಾಳೆ, ನೀವು ಪಕ್ಕದಲ್ಲಿ ಹಲ್ಲು ಕಿರೀತಿದ್ದೀರಲ್ಲ! ಅಕ್ಕಾ, ನಿಜ ಹೇಳು, ಅಳಿಸಿದ್ರಾ ನಿನ್ನ?”

ಕುಕ್ಕರಿನ ಸೀಟಿಯ ನಡುವೆ ಅಡುಗೆಮನೆಯಿಂದ ನನ್ನವಳ ಉತ್ತರ ಬಂತು: “ಹ್ಞೂಂ.”