ವೆಂಕಟರತ್ನಮ್ಮನವರ ಸೀರೆ ಒಗೆದ ದಿನ

ನಾನು ಮಲಗಿಸಲಾಗದ ಮಗು ಕೋಲಾರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ! ಟೇಕಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಅಮ್ಮ ಮತ್ತು ಎರಡು ಕೋಳಿಗಳು. ಕೋಳಿಗಳು ಗೌರವದಿಂದ ಸುಮ್ಮನಿದ್ದವು.

"ಬೆಳಿಗ್ಗೆ ನಿನ್ನನ್ನ ಎಬ್ಬಿಸೋಕೆ ನಾನು ಮೂರು ಸಾರಿ ಕೂಗಬೇಕು. ನೀನು ಇನ್ನೊಬ್ಬರ ಮಗೂನ ನೋಡ್ಕೊತೀಯಾ?" ಎಂದಳು ಅಮ್ಮ.

"ಅಮ್ಮ, ನಾನು ಓದಿರೋದು ಗೃಹವಿಜ್ಞಾನ. ಶಿಶುಪಾಲನೇಲಿ ಕ್ಲಾಸಿಗೇ ಫಸ್ಟ್!"

"ಪರೀಕ್ಷೇಲಿ ಮಗು ಅತ್ತಿತ್ತೇನೇ?"

ಅತ್ತಿರಲಿಲ್ಲ. ಕಾಲೇಜಿನಲ್ಲಿ ನಮಗೆ ಶಿಶುಪಾಲನೆ ಕಲಿಸಿದ್ದು ಒಂದು ಪ್ಲಾಸ್ಟಿಕ್ ಗೊಂಬೆಯ ಮೇಲೆ. ಅದರ ಒಂದು ಕಣ್ಣು ಕೆಟ್ಟು ಸದಾ ಮುಚ್ಚಿಕೊಂಡೇ ಇರುತ್ತಿತ್ತು. ಹಾಗಾಗಿ ಎತ್ತಿಕೊಳ್ಳುವ ಮೊದಲೇ ಅರ್ಧ ಮಲಗಿಸಿದಂತೆ!

ನರಸಾಪುರದಲ್ಲಿ ಗಂಡ ಹೆಂಡತಿ ಇಬ್ಬರೂ ಕಾರ್ಖಾನೆಯ ಬಸ್ಸು ಹತ್ತುವ ಮನೆಗಳು ಬೇಕಾದಷ್ಟಿವೆ. ಕೆಲಸ ನನ್ನನ್ನೇ ಹುಡುಕಿಕೊಂಡು ಬರುತ್ತದೆ ಎಂದುಕೊಂಡಿದ್ದೆ. ಫೈಲು ಹಿಡಿದು ಐದು ಮನೆ ಹತ್ತಿ ಇಳಿದೆ. ಐದರಲ್ಲೂ ಒಂದೇ ಪ್ರಶ್ನೆ. "ಮದುವೆ ಆಗಿದ್ಯಾ? ಮಕ್ಕಳಿದ್ದಾರಾ?" ಇಲ್ಲ ಎಂದರೆ, "ಮತ್ತೆ ನಿನಗೇನಮ್ಮಾ ಗೊತ್ತು?" ಇನ್ನೊಂದು ಮನೆ ನೋಡುವುದು, ಅದೂ ಆಗದಿದ್ದರೆ ಮಾಲೂರಿನಲ್ಲಿ ಮಾವನ ಜೆರಾಕ್ಸ್ ಅಂಗಡಿಯಲ್ಲಿ ಕೂರುವುದು ಎಂದು ಅಮ್ಮನಿಗೆ ಮಾತು ಕೊಟ್ಟೆ. ಜೀವನವಿಡೀ ಬೇರೆಯವರ ಆಧಾರ್ ಕಾರ್ಡು ನೋಡುತ್ತಾ ಕೂರುವುದನ್ನು ನೆನೆದು ಫೈಲನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡೆ.

ಆರನೆಯ ಮನೆ ಮೇಘನಕ್ಕನದು. ಹೆರಿಗೆ ರಜೆ ಮುಗಿದು ಆ ಸೋಮವಾರವೇ ಕೆಲಸಕ್ಕೆ ಹೋಗಲೇಬೇಕಿತ್ತು. ಏಳು ತಿಂಗಳ ಮಗನಿಗೆ ಮುತ್ತಾತನ ಹೆಸರಿಟ್ಟಿದ್ದರು: ಭೀಮರಾಜ್. ಅಷ್ಟು ದಿನ ಮಗು ನೋಡಿಕೊಂಡಿದ್ದ ಅತ್ತೆ ವೆಂಕಟರತ್ನಮ್ಮನವರು ಮಾವಿನ ಕೊಯ್ಲಿಗೆಂದು ಹಿಂದಿನ ದಿನವಷ್ಟೇ ಗೌನಿಪಲ್ಲಿಗೆ ಹೋಗಿದ್ದರು. ಅವರಿದ್ದಾಗಲೇ ಗೊತ್ತು ಮಾಡಿದ್ದ ಇಬ್ಬರು ಆಯಾಗಳು ಭೀಮರಾಜನ ಗಂಟಲಿಗೆ ಹೆದರಿ ಓಡಿಹೋಗಿದ್ದರು.

"ಇವತ್ತೊಂದು ದಿನ ನೋಡೋಣ ಗಂಗಾ" ಎಂದರು ಮೇಘನಕ್ಕ, ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ನಿನ್ನ ಕೈಲೂ ಆಗಲ್ಲ ಅಂದ್ರೆ ನಾನು ಕೆಲಸ ಬಿಡೋದೇ. ನನ್ನ ಫೋನು ಫ್ಯಾಕ್ಟರಿ ಗೇಟಲ್ಲೇ ಇಟ್ಟು ಒಳಗೆ ಹೋಗಬೇಕು, ಸಂಜೆವರೆಗೂ ಸಿಗಲ್ಲ. ಏನಾದ್ರೂ ಬೇಕಂದ್ರೆ ಅತ್ತೆಗೆ ಮಾಡು. ಅವರ ನಂಬರ್ ಗೋಡೆ ಮೇಲಿದೆ."

"ಅಕ್ಕ, ನೀವು ನಿಶ್ಚಿಂತೆಯಾಗಿ ಹೋಗಿ. ನಾನು ವೈಜ್ಞಾನಿಕವಾಗಿ ನೋಡ್ಕೊತೀನಿ."

ಬಸ್ಸು ಹೋಯಿತು. ವಿಜ್ಞಾನ ಶುರುವಾಯಿತು!

ಸೂರಿನ ಕೊಂಡಿಗೆ ಸೀರೆಯ ಜೋಲಿ ಕಟ್ಟಿತ್ತು. ಅದು ಭೀಮರಾಜನ ಅಜ್ಜಿಯ ಹಳೆಯ ನೂಲಿನ ಸೀರೆ. ಒಂದು ಕಾಲಕ್ಕೆ ಹಸಿರಿದ್ದಿರಬೇಕು. ಈಗಿನ ಬಣ್ಣ ಯಾವುದೆಂದು ಹೇಳಲು ಸಮಿತಿಯನ್ನೇ ನೇಮಿಸಬೇಕು. ಹತ್ತಿರ ಹೋದರೆ ಹರಳೆಣ್ಣೆ, ಎಲೆ ಅಡಿಕೆ, ಮಂಡಿನೋವಿನ ಮುಲಾಮು ಎಲ್ಲ ಸೇರಿದ ಒಂದು ಗಾಢವಾದ ವಾಸನೆ. 'ಶಿಶುವಿನ ಸುತ್ತಲಿನ ವಸ್ತ್ರಗಳು ಶುಭ್ರವಾಗಿರತಕ್ಕದ್ದು' ಎಂದು ಹತ್ತು ಅಂಕದ ಪ್ರಶ್ನೆಗೆ ಬರೆದವಳು ನಾನು. ಬಿಡುತ್ತೇನೆಯೇ! ಬಿಚ್ಚಿದೆ, ನೆನೆಸಿದೆ, ಕುಕ್ಕಿ ಕುಕ್ಕಿ ಒಗೆದೆ. ಭೀಮರಾಜ್ ಚಾಪೆಯ ಮೇಲೆ ಕುಳಿತು ತನ್ನ ಸಾಮ್ರಾಜ್ಯ ಬಕೆಟ್ಟಿನಲ್ಲಿ ಮುಳುಗುವುದನ್ನು ಮೌನವಾಗಿ ನೋಡಿದ. ಮೇ ತಿಂಗಳ ಬಿಸಿಲಿಗೆ ಮುಕ್ಕಾಲು ಗಂಟೆಯಲ್ಲಿ ಸೀರೆ ಗರಿಗರಿಯಾಯಿತು. ಮತ್ತೆ ಕಟ್ಟಿ, ಅವನನ್ನು ಮಲಗಿಸಿದೆ.

ಮೂಗು ಅರಳಿಸಿದ. ಎಡಕ್ಕೊಮ್ಮೆ ಮೂಸಿದ, ಬಲಕ್ಕೊಮ್ಮೆ ಮೂಸಿದ. ಆಮೇಲೆ ಬಾಯಿ ತೆರೆದ.

ಅದನ್ನು ಅಳು ಎನ್ನಬಹುದೇ? ಕೆಳಗಿನ ಮನೆಯವರು ಬಂದು ಏನಾಯಿತೆಂದು ಕೇಳಿ ಹೋದರು. ಗಿಲಕಿ ಆಡಿಸಿದೆ, ಜೋಗುಳ ಹಾಡಿದೆ, ಕೊನೆಗೆ ಪಠ್ಯಪುಸ್ತಕದ ಪ್ರಕಾರ ಕಣ್ಣಿಗೆ ಕಣ್ಣಿಟ್ಟು ಮೃದುವಾಗಿ ಮಾತಾಡಿದೆ. ರಾಗಿ ಸರಿ ತಿನ್ನಿಸಲು ಹೋದರೆ ಬಟ್ಟಲನ್ನೇ ಒದ್ದ. ಅಷ್ಟೂ ಗಂಜಿ ನನ್ನ ವೇಲಿನ ಮೇಲೆ! ಎರಡು ಗಂಟೆ ಹೆಗಲ ಮೇಲೆ ಹೊತ್ತು ತಿರುಗಿದೆ. ನನ್ನ ಬೆವರು, ಅವನ ಕಣ್ಣೀರು, ಮೂಗಿನ ನೀರು ಎಲ್ಲ ಅದೇ ವೇಲಿಗೆ. ಹೆದರಿ ಅಜ್ಜಿಗೆ ಫೋನು ಮಾಡಿದೆ.

"ಏಮ್ಮಾ, ಮಗು ಯಾಕಮ್ಮಾ ಹಂಗೆ ಅಳ್ತದೆ?"

"ನಿದ್ದೆ ಮಾಡ್ತಿಲ್ಲ ಅಜ್ಜಿ."

"ಜೋಲೀಲಿ ಹಾಕು. ಆ ಸೀರೇನ ಒಗೆದಾಗೆಲ್ಲ ಎರಡು ದಿನ ನಾನೇ ಉಟ್ಕೊಂಡು ಆಮೇಲೆ ಕಟ್ಟೋದು. ನನ್ನ ವಾಸನೆ ಬಂದ್ರೆ ಸಾಕು, ಬಂಗಾರು ಮಲಗಿಬಿಡ್ತಾನೆ."

ನಾನು ಗರಿಗರಿಯಾದ ಜೋಲಿಯನ್ನು ನೋಡಿದೆ.

"ಅದೇ ಸೀರೆ ತಾನೇ ಕಟ್ಟಿರೋದು?"

"ಅದೇ ಸೀರೆ ಅಜ್ಜಿ." ಸುಳ್ಳಲ್ಲವಲ್ಲ!

"ಅದ್ರಲ್ಲಿ ಹಾಕಿದ್ರೂ ಅಳ್ತಾನಾ? ಅಯ್ಯೋ ದೇವುಡಾ! ಹಂಗಾದ್ರೆ ಮಗೂಗೆ ಏನೋ ಆಗ್ಬಿಟ್ಟದೆ! ಕೊಯ್ಲು ಹಾಳಾಗೋಗ್ಲಿ, ನಾನು ಈಗ್ಲೇ ಬಸ್ ಹತ್ತುತೀನಿ!"

"ಅಜ್ಜಿ, ಹಾಗಲ್ಲ ಅಜ್ಜಿ..." ಫೋನು ಕಟ್ಟಾಗಿತ್ತು. ಮತ್ತೆ ಮಾಡಿದರೆ ಎತ್ತಲಿಲ್ಲ. ನನ್ನ ಅರ್ಧ ಸತ್ಯಕ್ಕೆ ಒಂದು ತೋಟದ ಕೊಯ್ಲೇ ನಿಂತಿತು!

ಗೌನಿಪಲ್ಲಿಯಿಂದ ಬಸ್ಸು ಬದಲಿಸಿ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಅಷ್ಟರೊಳಗೆ ಎರಡು ದಿನದ ವಾಸನೆಯನ್ನು ಸೀರೆಗೆ ಹತ್ತಿಸಬೇಕು! ಜೋಲಿ ಬಿಚ್ಚಿ ಚೂಡಿದಾರದ ಮೇಲೇ ಸೀರೆ ಸುತ್ತಿಕೊಂಡೆ. ಗೂಡಿನಲ್ಲಿದ್ದ ಹರಳೆಣ್ಣೆಯನ್ನು ತಲೆಗೆ ಸುರಿದುಕೊಂಡು ಅಜ್ಜಿಯರಂತೆ ಗಂಟು ಹಾಕಿದೆ. ಇಪ್ಪತ್ತೆರಡು ವರ್ಷದ, ಯಾವ ನೋವೂ ಇಲ್ಲದ ಮಂಡಿಗೆ ಮುಲಾಮು ಹಚ್ಚಿದೆ. ಕೊನೆಗೆ ಅವರ ಡಬ್ಬಿಯಿಂದ ಎಲೆ ಅಡಿಕೆ ತೆಗೆದು ಬಾಯಿ ತುಂಬ ಹಾಕಿಕೊಂಡೆ. ಕಿಟಕಿಯ ಪರದೆ ಎಳೆದು, ಬಾಗಿಲಿಗೆ ಬೆನ್ನು ಮಾಡಿ, ಕಾಲು ನೀಡಿ ಕುಳಿತು ಭೀಮರಾಜನನ್ನು ತೊಡೆಯ ಮೇಲೆ ಹಾಕಿಕೊಂಡೆ.

ಬಿಕ್ಕಿದ, ಮೂಸಿದ. ಇನ್ನೂ ಒಮ್ಮೆ ಬಿಕ್ಕಿದ. ರೆಪ್ಪೆ ನಿಧಾನವಾಗಿ ಇಳಿಯಿತು. ಒಂದಲ್ಲ, ಎರಡೂ ಕಣ್ಣು!

ಆ ನಿಶ್ಶಬ್ದದ ಸುಖವನ್ನು ಹೇಗೆ ಬರೆಯಲಿ? ಮಡಿಲಲ್ಲಿ ಒಂದು ಬೆಚ್ಚಗಿನ ಉಸಿರು. ಹೊರಗೆ ಯಾವುದೋ ಕಂಪನಿ ಬಸ್ಸು ತಿರುಗುವ ಸದ್ದು. ಅಲುಗಾಡಿದರೆ ಎದ್ದಾನೆಂದು ಉಗುಳಲೂ ಏಳದೆ ಹಾಗೇ ಕುಳಿತೆ. ಸಂಜೆ ಬಾಗಿಲು ತೆರೆದ ಸದ್ದಾಯಿತು.

"ಅತ್ತೆ! ಯಾವಾಗ ಬಂದ್ರಿ?"

ಮೇಘನಕ್ಕ! ಬಾಯಿ ತುಂಬ ಎಲೆಯ ರಸ. "ಊಂ" ಎಂದಷ್ಟೇ ಹೇಳಲಾಯಿತು.

"ಆ ಹುಡುಗಿ ಓಡಿಹೋದ್ಲಾ?"

"ಊಂ ಊಂ" ಎಂದೆ. ಇಲ್ಲ ಎಂದು ಹೇಳಿದ್ದು. ಅವರಿಗೆ ಎರಡು ಸಾರಿ ಹೌದೆಂದು ಕೇಳಿಸಿತು.

ಅವರು ಹೊಸ್ತಿಲ ಮೇಲೇ ಕುಳಿತರು. "ಮದುವೆ ಆಗದೇ ಇರೋಳು ಬೇಡ ಅಂತ ಎಲ್ಲರೂ ಹೇಳಿದ್ರು ಅತ್ತೆ. ನಾನೇ ಕೇಳಲಿಲ್ಲ. ಅವಳು ಬಾಗಿಲಲ್ಲಿ ನನ್ನನ್ನ ನೋಡೋದಕ್ಕೆ ಮುಂಚೆ ಇವನನ್ನ ನೋಡಿ ನಕ್ಕಳು. ಅಷ್ಟು ಸಾಕು ಅನ್ನಿಸ್ತು. ಮಧ್ಯಾಹ್ನ ಎಷ್ಟು ನೆಮ್ಮದಿಯಾಗಿ ಊಟ ಮಾಡಿದೆ ಗೊತ್ತಾ..." ಮೂಗೊರೆಸಿಕೊಂಡ ಸದ್ದಾಯಿತು. "ಹೋಗ್ಲಿ ಬಿಡಿ. ನಾಳೆ ಹೋಗಿ ಕೆಲಸ ಬಿಡ್ತೀನಿ ಅಂತ ಬರೆದು ಕೊಡ್ತೀನಿ."

ನನ್ನಿಂದ ತಡೆಯಲಾಗಲಿಲ್ಲ. ಅಷ್ಟೂ ರಸವನ್ನು ಗುಟುಕ್ಕನೆ ನುಂಗಿ ತಿರುಗಿದೆ.

"ಅಕ್ಕ, ನಾನು ಓಡಿಹೋಗಿಲ್ಲ! ಬರೀಬೇಡಿ!"

ಎಣ್ಣೆ ಸುರಿಯುವ ಮುಖ, ಕೆಂಪು ಬಾಯಿ. ಮೇಘನಕ್ಕ ಕಿಟಾರನೆ ಕಿರುಚಿದರು. ಅದೇ ಹೊತ್ತಿಗೆ ಅವರ ಹಿಂದೆ ಮಾವಿನಕಾಯಿಯ ಚೀಲ ಧಪ್ಪೆಂದು ಬಿತ್ತು. ಅಸಲಿ ವೆಂಕಟರತ್ನಮ್ಮನವರು ಎದೆಯ ಮೇಲೆ ಕೈಯಿಟ್ಟು ನಿಂತಿದ್ದರು.

"ಏಮೇ ಮೇಘನಾ, ನಾನು ದಾರೀಲೇ ಸತ್ತೋದ್ನಾ? ಒಳಗೆ ನಾನೇ ಕೂತಿದ್ದೀನಲ್ಲೇ!"

ನನಗೆ ಬಿಕ್ಕಳಿಕೆ ಹತ್ತಿತು. ಬಿಕ್ಕುತ್ತಲೇ ಎಲ್ಲವನ್ನೂ ಒಪ್ಪಿಕೊಂಡೆ: ಸೀರೆ ಒಗೆದದ್ದು, ಅದೇ ಸೀರೆ ಎಂದದ್ದು, ಮುಲಾಮಿನವರೆಗೂ. "ಕ್ಷಮಿಸಿ ಅಜ್ಜಿ, ನಿಮ್ಮ ಕೊಯ್ಲು ಕೆಡಿಸಿದೆ. ನಾನು ಹೊರಡ್ತೀನಿ."

ಅವರು ಬೈಯಬಹುದಿತ್ತು. ಬೈಯಲಿಲ್ಲ. ಪಕ್ಕದಲ್ಲಿ ಕುಳಿತು ಮೊಮ್ಮಗನ ಹಣೆ ಮುಟ್ಟಿದರು, ನನ್ನ ಮಂಡಿ ಮೂಸಿದರು. ಆಮೇಲೆ ಸೀರೆಯ ಸೆರಗು ಸರಿಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯೋ ಪಿಚ್ಚಿ! ಹುಚ್ಚು ಹುಡುಗಿ, ಇಷ್ಟೆಲ್ಲ ವೇಷ ಯಾಕೆ ಹಾಕ್ದೆ? ಇವನ ಕೈ ನೋಡು!"

ನೋಡಿದೆ. ಅವನು ಹಿಡಿದಿದ್ದು ಅಜ್ಜಿಯ ಸೀರೆಯನ್ನಲ್ಲ. ಅದರಡಿಯಿಂದ ಇಣುಕಿದ್ದ ನನ್ನ ವೇಲನ್ನು! ರಾಗಿ ಸರಿ ಒಣಗಿ ರೊಟ್ಟಿಯಂತಾಗಿದ್ದ ಆ ತುದಿಯನ್ನು ಮುಷ್ಟಿಯಲ್ಲಿ ಬಿಗಿದು, ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದ್ದ.

"ಅಳೋವಾಗ ಹೆಗಲ ಮೇಲೆ ಹೊತ್ತಿದ್ದು ಯಾರು? ಆ ವಾಸನೆ ಹತ್ಕೊಂಡದೆ ಅವನಿಗೆ" ಎಂದರು ಅಜ್ಜಿ. "ನಾಳೆ ಬರೋವಾಗ ಅಲ್ಲಿ ಬಿದ್ದಿರೋ ಆ ಫೈಲು ಬೇಡ. ಈ ವೇಲ್ ಹಾಕ್ಕೊಂಡು ಬಾ. ಒಗೆದ್ಯೋ, ಕೆಲಸ ಹೋಯ್ತು!"

ಮೇಘನಕ್ಕ ಕಣ್ಣೊರೆಸಿಕೊಂಡು ನಗುತ್ತಾ ನನ್ನ ಚೀಲಕ್ಕೆ ಆರು ಮಾವಿನಕಾಯಿ ತುಂಬಿದರು. ನನ್ನನ್ನು ಬೇಡವೆಂದ ಐದು ಮನೆಗಳಿಗೂ ಬಸ್ಸಿನಲ್ಲಿ ಕುಳಿತು ಮನಸ್ಸಿನಲ್ಲೇ ಕೈ ಮುಗಿದೆ. ಅವರಲ್ಲಿ ಒಬ್ಬರು ಹೂಂ ಎಂದಿದ್ದರೂ ಆರನೆಯ ಬಾಗಿಲು ನನಗೆ ಸಿಗುತ್ತಿರಲಿಲ್ಲ.

ಮನೆ ತಲುಪಿದಾಗ ಅಮ್ಮ ಹಿತ್ತಲಲ್ಲಿ ಬಟ್ಟೆ ನೆನೆಹಾಕುತ್ತಿದ್ದಳು. ಮೂಗು ಮುಚ್ಚಿಕೊಂಡು ನನ್ನ ವೇಲಿಗೆ ಕೈ ಹಾಕಿದಳು. "ಥೂ, ಏನೇ ಇದು ನಾತ! ಕೊಡಿಲ್ಲಿ."

"ಅಮ್ಮಾ, ಮುಟ್ಟಬೇಡ! ಅದು ನನ್ನ ಅಪಾಯಿಂಟ್‌ಮೆಂಟ್ ಆರ್ಡರ್!" ಎಂದು ಕಿತ್ತುಕೊಂಡು ನಡೆದದ್ದನ್ನೆಲ್ಲ ಹೇಳಿದೆ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. ಬಕೆಟ್ಟು ನೋಡಿದಳು, ನನ್ನನ್ನು ನೋಡಿದಳು.

"ಮೂರು ವರ್ಷ ಕಾಲೇಜಿಗೆ ಕಳಿಸಿದ್ದು ಬಟ್ಟೆ ಒಗೀದೇ ಇರೋದನ್ನ ಕಲಿಯೋಕೇನೇ?"

ಕೋಳಿಗಳು ಈ ಸಲ ಸುಮ್ಮನಿರಲಿಲ್ಲ.